ಹಚ್ಚದೆ ಬಿಟ್ಟ ಕೂದಲು

ಆ ಮನೆಯಲ್ಲಿ ಜಗಳ ಶುರುವಾದದ್ದು ಊಟದ ತಟ್ಟೆಗಳಿಂದ.

"ತಿಂದ ತಟ್ಟೆ ತೊಳೆಯೋದೂ ಬೇಡ, ಎತ್ತಿ ಅಲ್ಲಿಡೋಕೂ ಆಗಲ್ವಾ ನಿಂಗೆ?" ಅಮ್ಮ ಕೇಳಿದಳು.

"ಗಿರಾಕಿ ಬರೋ ಹೊತ್ತಾಯ್ತು," ಅಂದಳು ಹಿರಿಮಗಳು. ಎದ್ದು ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಿರಾಕಿ ಯಾರೂ ಬರುವುದಿರಲಿಲ್ಲ.

ಸೊಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಒಳಗೆ ಒಯ್ದಳು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದವಳು. ಅಮ್ಮ ಅವಳನ್ನು 'ಸಣ್ಣವಳು' ಅಂತ ಕರೆಯುತ್ತಿದ್ದಳು, ಮನೆಗೆಲ್ಲ ಅದೇ ರೂಢಿಯಾಗಿತ್ತು. ಅವಳ ಗಂಡ, ಅಂದರೆ ಮನೆಯ ಕಿರಿಮಗ, ಲಿಫ್ಟ್ ರಿಪೇರಿ ಕೆಲಸದವನು. ದಿನವಿಡೀ ಬೇರೆಯವರ ಕಟ್ಟಡಗಳಲ್ಲಿ ಮೇಲೆ ಕೆಳಗೆ ಓಡಾಡಿ ಬಂದವನಿಗೆ ಮನೆಯಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನುವ ಲೆಕ್ಕ ಬೇಡವಾಗಿತ್ತು. ಆದರೂ ಅವತ್ತು ಕೈ ತೊಳೆಯುತ್ತಾ ಅಂದ:

"ಅಮ್ಮಾ, ಮದುವೆ ಮಾಡ್ಕೊಂಡು ಬಂದಿದ್ದು ನಾನು. ಅಕ್ಕನಿಗೆ ಕೆಲಸದವಳು ಬೇಕಿದ್ರೆ ಬೇರೆ ನೋಡ್ಕೊಳ್ಳಲಿ."

"ಮೆಲ್ಲಗೆ ಮಾತಾಡೋ. ನೀನು ಉಟ್ಟಿದ್ದು, ಓದಿದ್ದು, ಹಾರ ಹಾಕಿಸ್ಕೊಂಡಿದ್ದು ಎಲ್ಲ ಅವಳ ಕುಂಚದ ತುದಿಯಿಂದ ಬಂದಿದ್ದು."

"ಅದನ್ನ ದಿನಾ ಒಂದು ಸಲ ನೆನಪಿಸ್ತೀಯಲ್ಲ, ಊಟಕ್ಕೆ ಮುಂಚೆ ಹೇಳ್ಬಿಡು. ಊಟ ಆದ್ಮೇಲೆ ಹೇಳಿದ್ರೆ ಜೀರ್ಣ ಆಗಲ್ಲ."

ಅಮ್ಮನಿಗೆ ನಗು ಬಂತು, ತಡೆದುಕೊಂಡಳು. ಬಾಗಿಲ ಹಿಂದೆ ಹಿರಿಮಗಳು ಎಲ್ಲವನ್ನೂ ಕೇಳಿಸಿಕೊಂಡು ಕುರ್ಚಿಯ ಮೇಲೆ ಕೂತಿದ್ದಳು, ಹತ್ತಿಯ ಬಿಳಿ ಗ್ಲೋವ್ಸ್ ಹಾಕಿದ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಯಾರದೋ ಮಗುವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿರು ಅಂತ ಕೊಟ್ಟು ಹೋದ ಹಾಗೆ.

ಆ ಕೋಣೆ ಅವಳದು. ಅಪ್ಪ ತೀರಿಕೊಂಡ ಮೇಲೆ ಅಲ್ಲಿದ್ದ ಮಂಚವನ್ನು ಎತ್ತಿಸಿ, ಎತ್ತರ ತಗ್ಗು ಮಾಡಬಹುದಾದ ಕುರ್ಚಿಯೊಂದನ್ನು ಹಾಕಿಸಿ, ಗೋಡೆಯಗಲದ ಕನ್ನಡಿ ಕೂರಿಸಿ, ಮೂಲೆಯಲ್ಲಿ ತಲೆ ತೊಳೆಯುವ ಬೇಸಿನ್ ಇಡಿಸಿದ್ದಳು. ಅಮ್ಮನ ಕನ್ನಡಕ, ತಮ್ಮನ ಓದು, ಮನೆಯ ಸೋರುವ ಮಾಡು, ಎಲ್ಲಕ್ಕೂ ಆ ಒಂದು ಕುರ್ಚಿಯಲ್ಲಿ ಜಾಗ ಸಿಕ್ಕಿತು. ಅವಳ ಮದುವೆಗೆ ಮಾತ್ರ ಸಿಗಲಿಲ್ಲ. ಬೀದಿಯವರು ಅವಳನ್ನು ಕುಂಚದಕ್ಕ ಅನ್ನುತ್ತಿದ್ದರು. ಕತ್ತರಿ ಹಿಡಿಯುವವರು ಊರ ತುಂಬ ಇದ್ದರು; ಕುಂಚ ಹಿಡಿಯುವವಳು ಇವಳೊಬ್ಬಳೇ.

ಬೇರೆ ಕಡೆ ಕೂದಲಿಗೆ ಬಣ್ಣದ ಎಳೆ ತರಬೇಕಾದರೆ ಒಂದೊಂದೇ ಎಳೆಯನ್ನು ಬೆಳ್ಳಿ ಹಾಳೆಯಲ್ಲಿ ಸುತ್ತಿ, ತಲೆಯನ್ನು ಪೊಟ್ಟಣಗಳ ಗೊಂಚಲು ಮಾಡಿ ಕೂರಿಸುತ್ತಿದ್ದರು. ಕುಂಚದಕ್ಕನಿಗೆ ಹಾಳೆ ಬೇಡ. ಒಂದು ಸಣ್ಣ ಹಲಗೆಯನ್ನು ಕೂದಲ ಕೆಳಗೆ ಹಿಡಿದು, ಗಟ್ಟಿಯಾಗಿ ಕಲಸಿದ ಬ್ಲೀಚನ್ನು ಕುಂಚದಲ್ಲಿ ತೆಗೆದುಕೊಂಡು ನೇರ ಕೈಯಲ್ಲೇ ಬಳಿಯುತ್ತಿದ್ದಳು. ತುದಿಯಲ್ಲಿ ಪೂರ್ತಿ, ಮೇಲೆ ಹೋಗುತ್ತಾ ಹೋಗುತ್ತಾ ಹಗುರ, ಬುಡದ ಹತ್ತಿರ ಏನೂ ಇಲ್ಲ. ಹಾಗಾಗಿ ಕೂದಲು ಬೆಳೆದರೂ ಎಲ್ಲಿಂದ ಬಣ್ಣ ಶುರುವಾಯಿತು ಅನ್ನುವ ಗೆರೆ ಕಾಣುತ್ತಿರಲಿಲ್ಲ. ಕಾಡಿನೊಳಗೆ ಬಿಸಿಲು ಎಲ್ಲಿ ಇಳಿಯಬೇಕು ಅಂತ ಮರಗಳೇ ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುತ್ತವೆ ಅಂತ ಅಜ್ಜಿಯರ ಕಥೆಗಳಲ್ಲಿ ಬರುತ್ತದಲ್ಲ, ಆ ಮಾತು ಇವಳಿಗೆ ಮಾತ್ರ ಕೇಳಿಸಿದ ಹಾಗೆ ಇರುತ್ತಿತ್ತು ಆ ಕೆಲಸ.

ಹೀಗೆ ಕೈಯಲ್ಲೇ ಬಳಿಯುವುದಕ್ಕೆ ಪೇಟೆಯಲ್ಲಿ ಬಾಲಯಾಜ್ ಅನ್ನುತ್ತಾರೆ. ಮೊದಮೊದಲು ಕಾಲೇಜು ಹುಡುಗಿಯೊಬ್ಬಳು ಬಂದು "ಇಲ್ಲಿ ಬಾಲಯಾಜ್ ಮಾಡ್ತೀರಾ?" ಅಂತ ಕೇಳಿದಾಗ ಅಮ್ಮ ಒಳಗಿನಿಂದ, "ಬಾಲ ಯಾಕಂತೆ ಅವಳಿಗೆ? ಇರೋ ಜಡೆ ಸಾಲದಾ?" ಅಂದಿದ್ದಳು. ಆಮೇಲೆ ಮನೆಯಲ್ಲಿ ಆ ಕೆಲಸಕ್ಕೆ 'ಬಾಲ' ಅಂತಲೇ ಹೆಸರಾಯಿತು. "ಇವತ್ತು ಎರಡು ಬಾಲ ಇದೆಯಮ್ಮಾ, ಊಟಕ್ಕೆ ಕಾಯಬೇಡ," ಅನ್ನುತ್ತಿದ್ದಳು ಮಗಳು.

ಈಗ ಹಾಗೆ ಅನ್ನುವುದನ್ನು ಬಿಟ್ಟಿದ್ದಳು.

ಬೆರಳ ಸಂದಿಯಲ್ಲಿ ತುರಿಕೆಯಿಂದ ಶುರುವಾದದ್ದು. ಆಮೇಲೆ ಸಣ್ಣ ಗುಳ್ಳೆ, ಆಮೇಲೆ ಬಿರುಕು. ಬಿರುಕಿನಲ್ಲಿ ಸೋಪು ಇಳಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಉಪ್ಪು ಹುಳಿ ಇದ್ದ ಅನ್ನ ಕಲಸಿದರೂ ಅಷ್ಟೇ. ಅದಕ್ಕೇ ಚಮಚ, ಅದಕ್ಕೇ ಗ್ಲೋವ್ಸ್, ಅದಕ್ಕೇ ತೊಳೆಯದ ತಟ್ಟೆ. ಮನೆಯವರು ಕೇಳಿದರೆ, "ಗಿರಾಕಿಗಳ ತಲೆ ಮುಟ್ಟೋ ಕೈ, ಮೆತ್ತಗೆ ಇಟ್ಕೋಬೇಕು," ಅನ್ನುತ್ತಿದ್ದಳು.

"ಓಹೋ, ಮಹಾರಾಣಿ!" ಅನ್ನುತ್ತಿದ್ದಳು ಅಮ್ಮ. "ಇಷ್ಟು ವರ್ಷ ಕಲ್ಲಿನ ಹಾಗಿತ್ತಾ?"

ನಿಜ ಹೇಳಿದರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ತಮ್ಮ ತಕ್ಷಣ, "ಸಾಕು ಬಿಡಕ್ಕ, ನಾನಿದ್ದೀನಲ್ಲ," ಅನ್ನುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾನೆ. ಕುರ್ಚಿ ಹೊರಗೆ ಹೋಗುತ್ತದೆ, ಮಂಚ ಮತ್ತೆ ಒಳಗೆ ಬರುತ್ತದೆ, ಆ ಮಂಚದ ಮೇಲೆ ತಾನು ತಮ್ಮನ ಅನ್ನ ತಿನ್ನುವ ಅಕ್ಕನಾಗಿ ಮಲಗಬೇಕಾಗುತ್ತದೆ. ಬಿರುಕಿಗಿಂತ ಅದು ಹೆಚ್ಚು ಉರಿಯುತ್ತಿತ್ತು.

ಹಾಗಾಗಿ ಒಂದು ದಿನ ತಾನೇ ಅಡುಗೆಮನೆ ಬಾಗಿಲಲ್ಲಿ ನಿಂತು, "ಸಣ್ಣವಳೇ, ಬಾ. ನಿನಗೆ ಕುಂಚ ಹಿಡಿಯೋದು ಹೇಳಿಕೊಡ್ತೀನಿ. ನನಗೂ ನಿಂತು ನಿಂತು ಬೆನ್ನು ನೋವು," ಅಂದಳು.

ಸಣ್ಣವಳು ಅತ್ತೆಯ ಮುಖ ನೋಡಿದಳು.

"ಹೋಗು," ಅಂದಳು ಅಮ್ಮ. "ಈಗಲಾದ್ರೂ ಕರೆದಳಲ್ಲ. ಪಾತ್ರೆ ನಾನು ನೋಡ್ಕೋತೀನಿ."

ಮೊದಲ ವಾರಗಳು ಹಳೆಯ ಗೊಂಬೆ ತಲೆಯ ಮೇಲೆ ಕಳೆದವು. ಬ್ಲೀಚ್ ಬದಲು ಮೈದಾಹಿಟ್ಟಿನ ಅಂಟು. ಸಣ್ಣವಳ ಕೈ ನಡುಗುತ್ತಿರಲಿಲ್ಲ, ಆದರೆ ಧಾರಾಳವಾಗಿತ್ತು. ಕಂಡ ಕಂಡ ಎಳೆಗೆಲ್ಲ ಬಳಿದುಬಿಡುತ್ತಿದ್ದಳು.

"ಗೋಡೆಗೆ ಸುಣ್ಣ ಹೊಡೀತಿದ್ದೀಯಾ? ಬಿಡು, ಆ ಎಳೆ ಬಿಡು."

"ಚೆನ್ನಾಗಿ ಕಾಣಲ್ವಾ ಅತ್ತಿಗೆ, ಇಲ್ಲೂ ಸ್ವಲ್ಪ ಇದ್ರೆ?"

"ಎಲ್ಲ ಕಡೆ ಬೆಳಕು ಹಾಕಿದ್ರೆ ಅದು ಬೆಳಕಲ್ಲ ಕಣಮ್ಮ, ಬೋಳು. ಹಚ್ಚೋದನ್ನ ಯಾರು ಬೇಕಾದ್ರೂ ಹಚ್ತಾರೆ. ಎಲ್ಲಿ ಹಚ್ಚದೆ ಬಿಡಬೇಕು ಅನ್ನೋದೇ ಕೆಲಸ. ಇದು ಬಿಡು. ಇದು ಹಚ್ಚು. ಇವೆರಡೂ ಬಿಡು. ಕಿವಿ ಹಿಂದೆ, ಕತ್ತಿನ ಹತ್ತಿರ ಇರೋದು ಎಳೆಗೂದಲು, ಅದನ್ನ ಯಾವಾಗ್ಲೂ ಬಿಡು."

ಹೀಗೆ 'ಬಿಡು' ಅನ್ನುವುದು ಆ ಕೋಣೆಯ ಮಾತಾಯಿತು. ಕುಂಚದಕ್ಕನಿಗೆ ಅದರರ್ಥ ಒಂದೇ: ಬಣ್ಣ ಮುಟ್ಟಿಸಬೇಡ. ಸಣ್ಣವಳು ಅದನ್ನು ಬೇರೆ ಯಾವ ಅರ್ಥದಲ್ಲಾದರೂ ಕೇಳಿಸಿಕೊಳ್ಳಬಹುದು ಅಂತ ಅವಳಿಗೆ ಹೊಳೆಯಲೇ ಇಲ್ಲ.

ಆಮೇಲೆ ನಿಜವಾದ ತಲೆಗಳು. ಕಪ್ಪು ಕೂದಲು ಮೊದಲು ಕೆಂಪಗೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ ಆಗುತ್ತದೆ ಅಂತ ತೋರಿಸಿದಳು. ಎಳೆಯೊಂದನ್ನು ಒರೆಸಿ ನೋಡು, ಮೊಟ್ಟೆಯ ಹಳದಿ ಕಂಡರೆ ನಿಲ್ಲಿಸಿ ತೊಳೆ, ಬಿಳಿಗೆ ಹೋಗಲು ಬಿಟ್ಟರೆ ಕೂದಲು ಸತ್ತ ಹಾಗೆ. ತೊಳೆದ ಮೇಲೆ ಟೋನರ್ ಹಚ್ಚಿದರೆ ಹಳದಿ ಮಣಿದು ಜೇನಿನ ಬಣ್ಣಕ್ಕೆ ಬರುತ್ತದೆ. ಅಷ್ಟಕ್ಕೆ ಮುಗಿಯುವುದಿಲ್ಲ, ಮನೆಗೆ ಹೋದ ಮೇಲೆ ಬಿಸಿನೀರು ಹುಯ್ದುಕೊಂಡರೆ ಆ ಜೇನು ಬೇಗ ಹಿತ್ತಾಳೆಯಾಗುತ್ತದೆ. ತಣ್ಣೀರು, ಆಗಾಗ ನೇರಳೆ ಶಾಂಪೂ, ಬಿಸಿಲಿಗೆ ಹೋಗುವಾಗ ತಲೆಗೊಂದು ಬಟ್ಟೆ.

"ನೇರಳೆ ಯಾಕೆ ಅತ್ತಿಗೆ?"

"ಹಳದಿಯ ಬಾಯಿ ಮುಚ್ಚಿಸೋಕೆ. ಈ ಮನೇಲಿ ನಿನ್ನ ಅತ್ತೆ ಇದ್ದಾರಲ್ಲ ನನಗೆ, ಹಾಗೆ."

ಇಬ್ಬರೂ ನಕ್ಕರು. ಒಳಗಿನಿಂದ ಅಮ್ಮ, "ನನಗೆ ಕಿವಿ ಕೇಳಿಸುತ್ತೆ!" ಅಂತ ಕೂಗಿದಳು. ಆ ಕೆಲವು ದಿನ ಮನೆಯಲ್ಲಿ ಊಟ ರುಚಿಯಾಗಿತ್ತು.

ಅವಘಡ ಆದದ್ದು ಔಷಧಿ ಅಂಗಡಿಯಾಕೆಯ ತಲೆಯ ಮೇಲೆ.

ಬೀದಿಯ ತಿರುವಿನಲ್ಲಿ ಅವಳ ಅಂಗಡಿ. ಕುಂಚದಕ್ಕ ಕೈಗೆ ಹಚ್ಚುವ ಮುಲಾಮು ಕೊಳ್ಳುತ್ತಿದ್ದದ್ದು ಅಲ್ಲೇ. ಕೈಯ ವಿಷಯ ಗೊತ್ತಿದ್ದ ಒಬ್ಬಳೇ ಒಬ್ಬಳು ಅವಳು. ಯಾರಿಗೂ ಹೇಳಿರಲಿಲ್ಲ. ಅವತ್ತು ಬಂದು ಕುರ್ಚಿಯಲ್ಲಿ ಕೂತು, "ಅಲ್ಲಿ ನಿಂತು ನಿಂತು ನಾನೂ ಒಂದು ಔಷಧಿ ಬಾಟ್ಲಿ ತರ ಆಗ್ಬಿಟ್ಟಿದ್ದೀನಿ. ಒಂಚೂರು ಬೆಳಕು ಹಾಕು ಮಾರಾಯ್ತಿ," ಅಂದಳು. ಕುಂಚದಕ್ಕ, "ಇವತ್ತು ಪೂರ್ತಿ ನಮ್ಮ ಸಣ್ಣವಳೇ ಮಾಡ್ತಾಳೆ, ನಾನು ನೋಡ್ಕೋತೀನಿ," ಅಂದಾಗ ಅವಳು ಕನ್ನಡಿಯಲ್ಲೇ ಕುಂಚದಕ್ಕನ ಕೈ ನೋಡಿ, ತಲೆಯಾಡಿಸಿದಳು.

ಬ್ಲೀಚ್ ಕಲಸುವಾಗ ಕುಂಚದಕ್ಕನ ಗ್ಲೋವ್ಸ್ ಹರಿಯಿತು. ಹತ್ತಿಯದರ ಮೇಲೆ ಹಾಕಿಕೊಂಡಿದ್ದ ರಬ್ಬರಿನದು, ಹೆಬ್ಬೆರಳ ಬಳಿ, ಕಾಣದಷ್ಟು. ಸ್ವಲ್ಪ ಹೊತ್ತಿಗೆ ಬಿರುಕುಗಳೊಳಗೆ ಕೆಂಡ ಇಟ್ಟಂತಾಯಿತು. ಸಣ್ಣವಳು ಅಚ್ಚುಕಟ್ಟಾಗಿ ಬಳಿಯುತ್ತಿದ್ದಳು. "ಈಗ ಬಂದೆ," ಅಂತ ಹೇಳಿ ಕುಂಚದಕ್ಕ ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿ ಕೈ ಹಿಡಿದಳು. ಉರಿ ಇಳಿಯಲಿಲ್ಲ. ಹಲ್ಲು ಕಚ್ಚಿ ಹಿಡಿದುಕೊಂಡೇ ಇದ್ದಳು.

ಮುಂದಿನ ಕೋಣೆಯಿಂದ ಸಣ್ಣವಳ ಕೂಗು ಬಂತು. ನೀರಿನ ಸದ್ದಿನಲ್ಲಿ ಪೂರ್ತಿ ಕೇಳಿಸಲಿಲ್ಲ.

"ಅತ್ತಿಗೇ... ಕಿವಿ ಹಿಂದಿನದು... ಏನ್ಮಾಡ್ಲಿ?"

"ಬಿಡು!" ಅಂತ ಕೂಗಿದಳು ಕುಂಚದಕ್ಕ.

"ಬಿಡ್ಲಾ?"

"ಬಿಡು ಅಂದ್ನಲ್ಲ!"

ಕಿವಿ ಹಿಂದಿನ ಎಳೆಗೂದಲಿಗೆ ಸಣ್ಣವಳು ಆಗಲೇ ಬಣ್ಣ ಹಚ್ಚಿಬಿಟ್ಟಿದ್ದಳು, ಬಳಿಯುವ ಭರದಲ್ಲಿ ಎರಡು ಎಳೆ. ಅದು ಬೇಗನೆ ಹಳದಿಗೆ ತಿರುಗಿದ್ದನ್ನು ನೋಡಿ ಹೆದರಿ, ಒರೆಸಿ ತೆಗೆಯಲಾ ಅಂತ ಕೇಳಿದ್ದಳು. ಬಿಡು ಅಂದರೆ ಹಾಗೇ ಇರಲಿ ಅಂತ. ಅತ್ತಿಗೆ ಎರಡು ಸಲ ಹೇಳಿದ್ದಾರೆ. ಅವಳು ಹಾಗೇ ಬಿಟ್ಟಳು.

ಕುಂಚದಕ್ಕ ಹೊರಗೆ ಬಂದಾಗ ಆ ಎಳೆಗಳು ಹಳದಿ ದಾಟಿ, ಬಿಳಿಯನ್ನೂ ದಾಟಿ, ಯಾವ ಬಣ್ಣವೂ ಅಲ್ಲದ ಬಣ್ಣಕ್ಕೆ ಹೋಗಿದ್ದವು. ಬೇಸಿನ್ನಿಗೆ ಒಯ್ದು ತಣ್ಣೀರು ಬಿಟ್ಟರೆ ಕೂದಲು ರಬ್ಬರಿನಂತೆ ಎಳೆದಷ್ಟು ಉದ್ದ ಬಂತು, ಕೊನೆಗೆ ಕೈಗೇ ಬಂತು. ಒಂದು ಹಿಡಿ.

ಔಷಧಿ ಅಂಗಡಿಯಾಕೆ ಕೈ ಹಿಂದೆ ಹಾಕಿ ಮುಟ್ಟಿ ನೋಡಿಕೊಂಡಳು. ಕನ್ನಡಿಯಲ್ಲಿ ಮೂರು ಮುಖ, ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಅವಳು ಬ್ಯಾಗಿನಿಂದ ಸ್ಕಾರ್ಫ್ ತೆಗೆದು ತಲೆಗೆ ಕಟ್ಟಿಕೊಂಡು, "ಅಂಗಡಿ ತೆರೀಬೇಕು," ಅಂತಷ್ಟೇ ಹೇಳಿ ಎದ್ದು ಹೋದಳು.

ಅವತ್ತು ಸಂಜೆ ಊಟಕ್ಕೆ ಕೂತವರು ತಟ್ಟೆ ಮುಟ್ಟಲಿಲ್ಲ.

"ಅತ್ತಿಗೆ ಬಿಡು ಅಂದ್ರು. ನಾನು ಬಿಟ್ಟೆ," ಅಂದಳು ಸಣ್ಣವಳು. ಅಳುತ್ತಿರಲಿಲ್ಲ. ಅದೊಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.

"ನಾನು ಹಚ್ಚಬೇಡ ಅಂತ ಬಿಡು ಅಂದಿದ್ದು," ಅಂದಳು ಕುಂಚದಕ್ಕ.

"ಹಚ್ಚಿ ಆಗಿತ್ತಲ್ಲ!"

"ಅದು ನನಗೆ ಹೇಗೆ ಗೊತ್ತಾಗ್ಬೇಕು?"

"ನೋಡಿದ್ರೆ ಗೊತ್ತಾಗ್ತಿತ್ತು," ಅಂದ ತಮ್ಮ. "ನೋಡ್ಕೋತೀನಿ ಅಂದಿದ್ಯಲ್ಲ ಅಕ್ಕ. ಎಲ್ಲಿದ್ದೆ ಆಗ?"

"ಬಚ್ಚಲಲ್ಲಿ."

"ಅಷ್ಟು ಹೊತ್ತು? ಏನು ಮಾಡ್ತಿದ್ದೆ?"

ಕುಂಚದಕ್ಕ ಚಮಚದಿಂದ ಅನ್ನವನ್ನು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದಳು. ಉತ್ತರ ಗ್ಲೋವ್ಸ್ ಒಳಗೆ ಇತ್ತು. ಹೊರಗೆ ತೆಗೆದರೆ ಅದರ ಜೊತೆ ಕುರ್ಚಿಯೂ ಹೊರಗೆ ಹೋಗುತ್ತಿತ್ತು.

ಅಮ್ಮ ತೀರ್ಪು ಕೊಟ್ಟಳು. "ಸಾಕು. ಎಳೆ ಕೈ, ತಪ್ಪಾಯ್ತು. ಸಣ್ಣವಳೇ, ನೀನು ಇನ್ನು ಆ ಕೋಣೆಗೆ ಹೋಗೋದು ಬೇಡ. ಅವಳ ಕೆಲಸ ಅವಳೇ ಮಾಡ್ಕೊಳ್ಳಲಿ."

ಕುಂಚದಕ್ಕ ಅನ್ನ ಸರಿಸುತ್ತಲೇ ಇದ್ದಳು. ಸಣ್ಣವಳು ಅವಳನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದಳು, ಆಮೇಲೆ ಎದ್ದು ಹೋದಳು. ಆ ನೋಟ ಕುಂಚದಕ್ಕನ ಬೆನ್ನಿಗೆ ಅಂಟಿಕೊಂಡಿತು.

ಮುಂದಿನ ವಾರಗಳು ಮೂಕವಾಗಿ ಹೋದವು. ಸಣ್ಣವಳು ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಅಡುಗೆಮನೆಗೆ. "ಅತ್ತಿಗೆ, ಊಟ" ಅನ್ನುವುದೂ ನಿಂತು, ತಟ್ಟೆಯನ್ನು ಮುಂದಿನ ಕೋಣೆಯ ಬಾಗಿಲ ಬಳಿ ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದಳು. ಬೀದಿಯಲ್ಲಿ, "ಆ ಮನೆ ಸೊಸೆ ಔಷಧಿ ಅಂಗಡಿಯಾಕೆ ತಲೆ ಸುಟ್ಟಳಂತೆ," ಅನ್ನುವ ಮಾತು ಒಂದು ಬಾಯಿಂದ ಇನ್ನೊಂದಕ್ಕೆ ಹೋಗುತ್ತಾ ದಪ್ಪವಾಗುತ್ತಿತ್ತು. ತರಕಾರಿಯವಳು ಸಣ್ಣವಳಿಗೆ ಕೇಳಿಸುವ ಹಾಗೆಯೇ, "ನಂದು ಈ ಜಡೆ ಇರಲಿ ಮಾರಾಯ್ತಿ, ನೀನು ದೂರ ನಿಲ್ಲು," ಅಂತ ತಮಾಷೆ ಮಾಡಿದಳು. ಸಣ್ಣವಳು ಸೊಪ್ಪು ಕೊಳ್ಳದೆ ವಾಪಸು ಬಂದಳು.

ಕುಂಚದಕ್ಕ ಎರಡು ಜೊತೆ ಗ್ಲೋವ್ಸ್ ಹಾಕಿಕೊಂಡು ತಾನೇ ಕುಂಚ ಹಿಡಿದಳು. ಬೆರಳು ಮಡಚಿದರೆ ಬಿರುಕು ಬಾಯಿ ಬಿಡುತ್ತಿತ್ತು. ಒಂದು ದಿನ ಬ್ಲೀಚ್ ಪುಡಿಯ ಡಬ್ಬಿಯ ಮುಚ್ಚಳ ತೆಗೆದದ್ದೇ ಎದೆ ಹಿಡಿದುಕೊಂಡಿತು. ಉಸಿರು ಸೀಟಿ ಹೊಡೆಯಿತು. ಕಿಟಕಿಗೆ ಮುಖ ಒತ್ತಿ ನಿಂತು, ಬಂದ ಗಿರಾಕಿಯನ್ನು, "ಇವತ್ತು ಆಗಲ್ಲ, ಕ್ಷಮಿಸಿ," ಅಂತ ಕಳಿಸಿದಳು.

ಮುಲಾಮು ಮುಗಿದಿತ್ತು. ಔಷಧಿ ಅಂಗಡಿಗೆ ಹೋಗಲೇಬೇಕಾಯಿತು. ಸ್ಕಾರ್ಫ್ ಕಟ್ಟಿಕೊಂಡಿದ್ದ ಅಂಗಡಿಯಾಕೆ ಅವಳನ್ನು ನೋಡಿ, ಮುಲಾಮಿನ ಡಬ್ಬಿ ಕೈಗೆತ್ತಿಕೊಂಡು, ಕೊಡದೆ ಹಾಗೇ ಹಿಡಿದುಕೊಂಡಳು.

"ಕೈ ತೋರಿಸು."

"ಹಳೇದೇ."

"ತೋರಿಸು ಅಂದೆ." ನೋಡಿದಳು. ಡಬ್ಬಿಯನ್ನು ವಾಪಸು ಶೆಲ್ಫಿನಲ್ಲಿಟ್ಟಳು. "ಇದು ಇನ್ನು ಮುಲಾಮಿನ ಮಾತಲ್ಲ. ಚರ್ಮದ ಡಾಕ್ಟರ ಹತ್ರ ಹೋಗು. ಅಲ್ಲಿವರೆಗೆ ನನ್ನ ಅಂಗಡಿಯಿಂದ ಏನೂ ಸಿಗಲ್ಲ."

"ನಿನ್ನ ತಲೆ ಹಾಳಾಯ್ತು, ಅದರ ಬಗ್ಗೆ ಒಂದು ಮಾತೂ ಬೈಲಿಲ್ಲ ನೀನು."

"ಕೂದಲು ಬರುತ್ತೆ. ಮೇಲಿನ ಕೂದಲು ಬಿಟ್ರೆ ಮುಚ್ಚಿಕೊಳ್ಳುತ್ತೆ." ಗಲ್ಲಾದ ಮೇಲಿದ್ದ ಧೂಳನ್ನು ಒರೆಸುತ್ತಾ ಅವಳು ಸ್ವರ ತಗ್ಗಿಸಿದಳು. "ಆ ಹುಡುಗಿ ನಿನ್ನೆ ಬಂದಿದ್ದಳು. ನನ್ನ ಕಾಲು ಹಿಡಿಯೋಕೆ ಬಗ್ಗಿದಳು. ನನ್ನದೇ ತಪ್ಪು ಅಂದಳು. ನೀನು ಬಿಡು ಅಂತ ಕೂಗಿದ್ದು ಕುರ್ಚೀಲಿ ಕೂತಿದ್ದ ನನಗೂ ಕೇಳಿಸಿತ್ತು ಕಣೇ. ನಾನೂ ಅದನ್ನ ಹಾಗೇ ಇರಲಿ ಅಂತಲೇ ತಿಳ್ಕೊಂಡೆ."

ಡಾಕ್ಟರು ಅವಳು ಕೆಲಸದಲ್ಲಿ ಮುಟ್ಟುವ ಒಂದೊಂದು ವಸ್ತುವನ್ನು ಸವರಿದ ಪುಟ್ಟ ಪುಟ್ಟ ಪಟ್ಟಿಗಳನ್ನು ಅವಳ ಬೆನ್ನಿಗೆ ಅಂಟಿಸಿ, ಕೆಲವು ದಿನ ಬಿಟ್ಟು ತೆಗೆದು ನೋಡಿದರು. ಕೆಂಪಗೆ ಎದ್ದದ್ದು ಬ್ಲೀಚ್ ಪುಡಿಯ ಪಟ್ಟಿಯ ಕೆಳಗೆ. ಕೈಗೆ ಔಷಧಿ ಕೊಟ್ಟರು. ಆಮೇಲೆ ಪೆನ್ನು ಕೆಳಗಿಟ್ಟು, "ಆ ಪುಡಿ ಇನ್ನು ಮುಟ್ಟೋ ಹಾಗಿಲ್ಲ. ಅದು ಕಲಸೋ ಕೋಣೇಲಿ ನಿಲ್ಲೋದೂ ಬೇಡ. ಕೈ ಆಯ್ತು, ಮುಂದೆ ಉಸಿರು," ಅಂದರು.

"ಬೇರೆ ಏನಾದ್ರೂ ದಾರಿ..."

"ಕತ್ತರಿ ಹಿಡೀಬಹುದು. ಒಣಗಿದ ಕೂದಲು, ಒಣಗಿದ ಕೈ."

ಮನೆಗೆ ಬಂದಾಗ ಸಣ್ಣವಳ ಬಟ್ಟೆಯ ಚೀಲ ನಡುಮನೆಯಲ್ಲಿತ್ತು.

"ಸ್ವಲ್ಪ ದಿನ ತವರಿಗೆ ಹೋಗಿ ಬರ್ತಾಳೆ," ಅಂದ ತಮ್ಮ, ಅಕ್ಕನ ಮುಖ ನೋಡದೆ. "ಇಲ್ಲಿ ಬೀದಿಗೆ ಕಾಲಿಡೋ ಹಾಗಿಲ್ಲ ಅವಳಿಗೆ."

ಅಮ್ಮ ಬೀನ್ಸ್ ಮುರಿಯುತ್ತಾ ಕೂತಿದ್ದಳು. "ಹೋಗಿ ಬರಲಿ ಬಿಡು. ನಾಲ್ಕು ದಿನ ಆದ್ರೆ ಜನ ಮರೀತಾರೆ."

ಕುಂಚದಕ್ಕ ಚಪ್ಪಲಿ ಬಿಡದೆ ಹೊಸ್ತಿಲ ಮೇಲೇ ನಿಂತಳು. ಹೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅದನ್ನೆಲ್ಲ ಬಿಟ್ಟು ಗ್ಲೋವ್ಸ್ ಕಳಚಿ, ಬೀನ್ಸ್ ಇದ್ದ ಮೊರದ ಪಕ್ಕದಲ್ಲಿ ಕೂತು, ಎರಡೂ ಕೈಗಳನ್ನು ಅಮ್ಮನ ಮುಂದೆ ಚಾಚಿದಳು.

ಅಮ್ಮ ಕನ್ನಡಕ ಸರಿಮಾಡಿಕೊಂಡಳು. ಬಗ್ಗಿ ನೋಡಿದಳು. ಅವಳ ಕೈಯಲ್ಲಿದ್ದ ಬೀನ್ಸ್ ಅರ್ಧ ಮುರಿದು ಹಾಗೇ ಉಳಿಯಿತು.

"ಇದು... ಯಾವಾಗಿಂದ?"

"ತಟ್ಟೆ ತೊಳೆಯೋದು ಬಿಟ್ಟಾಗಿಂದ."

"ಬಾಯಿ ಇರಲಿಲ್ವಾ ನಿಂಗೆ?" ಅಮ್ಮನ ದನಿ ಏರಿತು. "ನಾನು ದಿನಾ ಮಹಾರಾಣಿ ಮಹಾರಾಣಿ ಅಂತ ಆಡ್ಕೊಳ್ತಿದ್ದೆ, ಕೇಳ್ಕೊಂಡು ಕೂತಿದ್ಯಾ? ನನ್ನ ಬಾಯಿಗೆ ಹುಳ ಬೀಳಲಿ ಅಂತಲಾ?"

"ಅಮ್ಮಾ, ಅದು ಇರಲಿ. ಡಾಕ್ಟರು ಆ ಪುಡಿ ಇನ್ನು ಮುಟ್ಟೋ ಹಾಗಿಲ್ಲ ಅಂದಿದ್ದಾರೆ, ಅದೂ ಇರಲಿ. ಅವತ್ತು ನಾನು ಬಚ್ಚಲಲ್ಲಿ ಈ ಕೈಗೆ ನೀರು ಬಿಡ್ತಿದ್ದೆ. ಅವಳು ಕೇಳಿದ್ದು ಸರಿಯಾಗಿ ಕೇಳಿಸಲಿಲ್ಲ. ಕೇಳಿಸದೇ ಉತ್ತರ ಕೊಟ್ಟೆ. ತಪ್ಪು ಅವಳದಲ್ಲ. ಅವತ್ತೇ ಗೊತ್ತಿತ್ತು ನನಗೆ."

ತಮ್ಮ ಕೂತುಬಿಟ್ಟ. "ಸಾಕು ಬಿಡಕ್ಕ. ನಾನಿದ್ದೀನಲ್ಲ."

ಅವಳು ಹೆದರಿದ್ದ ಅದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ.

ಸಣ್ಣವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅತ್ತಿಗೆಯ ಕೈ ನೋಡಿ ಅವಳ ಮುಖ ಕರಗಲಿಲ್ಲ. ಕೇಳಿದಳು:

"ಅತ್ತಿಗೆ, ನಿಮ್ಮ ಕೈ ಸರಿ ಇದ್ದಿದ್ರೆ ನನಗೆ ಹೇಳಿಕೊಡ್ತಿದ್ರಾ?"

"ಲೇ, ಈಗ ಯಾಕೆ ಅದು," ಅಂದ ಗಂಡ.

"ನೀವು ಸುಮ್ನಿರಿ. ಅತ್ತಿಗೆ ಹೇಳಲಿ."

ಕುಂಚದಕ್ಕ ಅವಳನ್ನು ನೇರವಾಗಿ ನೋಡಿದಳು. "ಇಲ್ಲ," ಅಂದಳು. "ಇಲ್ಲ ಕಣಮ್ಮ. ಆ ಕೋಣೆಗೆ ಯಾರನ್ನೂ ಬಿಟ್ಟುಕೊಳ್ತಿರಲಿಲ್ಲ."

ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ಸಣ್ಣವಳಿಗೆ ಯಾರೂ ಅಷ್ಟು ನಿಜ ಹೇಳಿರಲಿಲ್ಲವೇನೋ. ಅವಳು ನಡುಮನೆಗೆ ಬಂದು ಚೀಲ ಎತ್ತಿಕೊಂಡಳು. ಗಂಡ ಎದ್ದು ನಿಂತ.

"ನಡೀ, ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ."

"ಬೇಡ." ಚೀಲವನ್ನು ಒಳಗೆ ತಮ್ಮಿಬ್ಬರ ಕೋಣೆಯ ಕಡೆಗೆ ಒಯ್ಯುತ್ತಾ ಅಂದಳು: "ಕುರ್ಚಿ ಎಲ್ಲೂ ಹೋಗಲ್ಲ. ಕುಂಚ ನಾನು ಹಿಡೀತೀನಿ. ಆದ್ರೆ ನಾನು ಮಾಡಬೇಕಾದ್ರೆ ಅತ್ತಿಗೆ ಒಳಗಿಂದ ಕೂಗಬಾರದು. ಬೀದಿಯವರ ಮುಂದೆ ಹೇಳಬೇಕು, ಅವತ್ತಿನ ತಪ್ಪು ಯಾರದು ಅಂತ. ನನಗೆ ಹೇಳಿದ್ದು ಸಾಲದು."

"ಹೇಳ್ತೀನಿ," ಅಂದಳು ಕುಂಚದಕ್ಕ.

ಮರುದಿನ ಬೆಳಿಗ್ಗೆಯೇ ತರಕಾರಿ ಗಾಡಿಯ ಸುತ್ತ ನಿಂತಿದ್ದ ಹೆಂಗಸರ ನಡುವೆ ಹೋಗಿ ಹೇಳಿದಳು. ಗ್ಲೋವ್ಸ್ ಇಲ್ಲದ ಕೈಯಲ್ಲಿ. ತರಕಾರಿಯವಳು ತಕ್ಕಡಿ ಹಿಡಿದುಕೊಂಡೇ ಬಾಯಿ ತೆರೆದು ನಿಂತಳು. "ಅಯ್ಯೋ ಅಕ್ಕ, ನಾವು ಏನೋ ತಮಾಷೆಗೆ..." ಅಂದಳು. "ಗೊತ್ತು," ಅಂದಳು ಕುಂಚದಕ್ಕ. "ಇವತ್ತು ಸೊಪ್ಪು ಕೊಳ್ಳೋಕೆ ಅವಳೇ ಬರ್ತಾಳೆ."

ತಮ್ಮ ಎರಡು ರಜಾದಿನ ಕೂತು ಮುಂದಿನ ಕೋಣೆಗೆ ಗಾಳಿ ಹೊರಗೆಳೆಯುವ ಫ್ಯಾನು ಹಾಕಿದ. ಪುಡಿಯ ಡಬ್ಬಿ ಹಿತ್ತಲ ಕಟ್ಟೆಗೆ ಹೋಯಿತು. ಸಣ್ಣವಳು ಅಲ್ಲೇ ಕಲಸಿಕೊಂಡು ಮುಚ್ಚಿದ ಬಟ್ಟಲಲ್ಲಿ ತರುತ್ತಿದ್ದಳು. ಕುಂಚದಕ್ಕನಿಗೆ ಹೊರಗಿನ ಜಗುಲಿಯ ಮೇಲೆ ಒಂದು ಬೆಂಚು. ಕತ್ತರಿಸುವ ಕೆಲಸ ಅಲ್ಲೇ. ಬಣ್ಣದ ಗಿರಾಕಿಗಳು ಕಾಯುತ್ತಾ ಕೂತರೆ ಅವರಿಗೆ ತಣ್ಣೀರಿನ, ನೇರಳೆ ಶಾಂಪೂವಿನ ಪಾಠ. ಅಮ್ಮ ಊಟದ ತಟ್ಟೆ ತಾನೇ ತೊಳೆಯುತ್ತಿದ್ದಳು, ಯಾರಾದರೂ ಹತ್ತಿರ ಬಂದರೆ, "ನನ್ನ ಕೈಗೇನಾಗಿದೆ?" ಅಂತ ಗದರುತ್ತಿದ್ದಳು.

ಮೊದಲ ಪೂರ್ತಿ ತಲೆ ಒಬ್ಬ ಶಾಲಾ ಟೀಚರದು. ಸೊಂಟದವರೆಗಿನ ಕೂದಲು. ಬಾಗಿಲು ಹಾಕಿಕೊಂಡಿತು, ಫ್ಯಾನಿನ ಸದ್ದು ಶುರುವಾಯಿತು.

ಕುಂಚದಕ್ಕ ಬೆಂಚಿನ ಮೇಲೆ ಕೂತಳು. ಒಳಗೆ ಈಗ ಮೇಲಿನ ಕೂದಲಿಗೆ ಕ್ಲಿಪ್ ಹಾಕುತ್ತಿರಬಹುದು. ಈಗ ಹಲಗೆ ಹಿಡಿದಿರಬಹುದು. ಈಗ ಕಿವಿಯ ಬಳಿ ಬಂದಿರಬಹುದು. ಅವಳ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಅಲುಗಿದವು. ಕಥೆಗಳಲ್ಲಿ ಏಳು ಬಾಗಿಲಾಚೆ ಒಂದು ಗಿಳಿಯಲ್ಲಿ ಯಾರದೋ ಜೀವ ಇರುತ್ತದೆ. ಕಾವಲಿಗೆ ಕೂತವರು ಗಿಳಿಯ ರೆಕ್ಕೆಯ ಸದ್ದಿಗೇ ಬೆಚ್ಚುತ್ತಾರೆ. ಒಳಗಿನಿಂದ ಒಂದೂ ಮಾತು ಬರಲಿಲ್ಲ. ಎರಡು ಸಲ ಅವಳು ಎದ್ದು ಬಾಗಿಲವರೆಗೆ ಹೋದಳು. ಎರಡು ಸಲವೂ ವಾಪಸು ಬಂದು ಕೂತಳು.

"ಏನೇ, ಹೆರಿಗೆ ವಾರ್ಡಿನ ಹೊರಗೆ ಕೂತ ಗಂಡನ ಹಾಗೆ ಆಡ್ತೀಯಾ," ಅಂದಳು ಅಮ್ಮ, ಚಹಾ ತಂದಿಟ್ಟು. ತಾನೂ ಪಕ್ಕದಲ್ಲಿ ಕೂತಳು.

ಬಾಗಿಲು ತೆರೆದು ಟೀಚರು ಜಗುಲಿಗೆ ಬಂದರು. ಹೊರಗೆ ಬಿಸಿಲಿತ್ತು.

ಕುಂಚದಕ್ಕ ಅವರ ಸುತ್ತ ಒಂದು ಸುತ್ತು ಬಂದು ನೋಡಿದಳು. ತಾನು ಮಾಡಿದ್ದರೆ ಹೀಗೆ ಮಾಡುತ್ತಿರಲಿಲ್ಲ. ತಾನು ಬೆಳಕನ್ನು ಸಣ್ಣ ಸಣ್ಣದಾಗಿ ಹಂಚುತ್ತಿದ್ದಳು, ಯಾರಿಗೂ ಕಡಿಮೆಯಾಗದ ಹಾಗೆ. ಸಣ್ಣವಳು ಎಷ್ಟೋ ಕಪ್ಪನ್ನು ಹಾಗೇ ಇಟ್ಟಿದ್ದಳು, ಹೆದರಿಕೆಯಿಂದಲೋ ಧೈರ್ಯದಿಂದಲೋ. ಮುಖದ ಪಕ್ಕ ಒಂದೆರಡು ಎಳೆ, ಬೆನ್ನ ಮೇಲೆ ಅಲ್ಲಲ್ಲಿ, ತುದಿಗೆ ಹೋದಂತೆ ಜೇನು. ಟೀಚರು ತಲೆ ಅಲುಗಿಸಿದಾಗಷ್ಟೇ ಅದು ಕಾಣುತ್ತಿತ್ತು. ನಿಂತರೆ ಮತ್ತೆ ಒಳಗೆ ಹೋಗುತ್ತಿತ್ತು. ಇಷ್ಟು ವರ್ಷ ಕುಂಚ ಹಿಡಿದವಳಿಗೆ ಇದು ಹೊಳೆದಿರಲಿಲ್ಲ.

"ಮುಂದಿನ ಸಲ ಯಾರು ಮಾಡ್ತೀರಾ? ನೀವಾ, ಇವರಾ?" ಟೀಚರು ಕೇಳಿದರು.

ಸಣ್ಣವಳು ಕೈ ಒರೆಸುತ್ತಿದ್ದವಳು ನಿಲ್ಲಿಸಿದಳು. ಅಮ್ಮ ಚಹಾದ ಲೋಟವನ್ನು ಕೆಳಗಿಡಲಿಲ್ಲ.

"ಇವಳೇ," ಅಂದಳು ಕುಂಚದಕ್ಕ. "ಇನ್ನು ಯಾವಾಗ್ಲೂ ಇವಳೇ."

ಹೇಳಿದ ಮೇಲೆ ಜಗುಲಿ ಅವಳಿಗೆ ಬಹಳ ದೊಡ್ಡದಾಗಿ ಕಂಡಿತು.

"ಅತ್ತಿಗೆ," ಅಂದಳು ಸಣ್ಣವಳು ಸ್ವಲ್ಪ ಹೊತ್ತಿಗೆ, "ತುದಿ ಸ್ವಲ್ಪ ಒರಟಾಗಿದೆ. ತೆಗೆದುಕೊಡ್ತೀರಾ? ನನಗೆ ಕತ್ತರಿ ಬರಲ್ಲ."

ಟೀಚರು ಬೆಂಚಿನ ಮೇಲೆ ಕೂತರು. ಕುಂಚದಕ್ಕ ಒಣ ಕೈಯಲ್ಲಿ ಒಣಗಿದ ಕೂದಲು ಹಿಡಿದು ಬಾಚಿ, ತುದಿಯಿಂದ ತೆಗೆಯುತ್ತಾ ಹೋದಳು. ತುದಿಯಲ್ಲೇ ಬಣ್ಣ ಎಲ್ಲಕ್ಕಿಂತ ದಟ್ಟ. ಕತ್ತರಿ ಆಡಿದಂತೆ ಜೇನಿನ ಬಣ್ಣದ ಚೂರುಗಳು ನೆಲಕ್ಕೆ ಬಿದ್ದವು. ಸಣ್ಣವಳು ಪಕ್ಕದಲ್ಲಿ ನಿಂತು, ತನ್ನ ಕೆಲಸ ಉದುರುವುದನ್ನು ನೋಡುತ್ತಿದ್ದಳು.

"ಸಾಕು ಅತ್ತಿಗೆ," ಅಂದಳು.

ಎಡಗಡೆ ಇನ್ನೂ ಒಂದಿಷ್ಟು ತೆಗೆಯಬೇಕು ಅಂತ ಕುಂಚದಕ್ಕನಿಗೆ ಅನಿಸಿ, ಬಾಯಿವರೆಗೂ ಮಾತು ಬಂತು. ನುಂಗಿಕೊಂಡಳು. ಕತ್ತರಿಯನ್ನು ಮಡಚಿ ಬೆಂಚಿನ ಮೇಲಿಟ್ಟಳು.